ಒಂದೇ ರಾಶಿಗೆ ಸುರಿದ ಅಕ್ಕಿ

ಅಮ್ಮಾ,

ನಿನಗೆ ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಎದುರಿಗೆ ಇದ್ದಿದ್ದರೆ ಇಷ್ಟೊಂದು ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ, ನಿನಗೆ ಗೊತ್ತಲ್ಲ.

ಅತ್ತೆಯ ಮಗಳ ಮದುವೆಯ ಆ ಬೆಳಿಗ್ಗೆ ನೆನಪಿದೆಯಾ? ನೆಂಟರೆಲ್ಲ ಮನೆಯಿಂದ ಅಕ್ಕಿ ತಂದು ಈಚಲು ಚಾಪೆಯ ಮೇಲೆ ಒಂದೇ ರಾಶಿಗೆ ಸುರಿಯುತ್ತಿದ್ದರು. ಬೇರೆ ಬೇರೆ ಇಟ್ಟರೆ ಯಾರದು ಹೆಚ್ಚು, ಯಾರದು ಕಡಿಮೆ ಎಂಬ ಮಾತು ಹುಟ್ಟುತ್ತದೆಂದು ನಮ್ಮ ತಾಯಲೂರಿನ ಹಿರಿಯರು ಮಾಡಿದ್ದ ಪದ್ಧತಿ. ಆ ವರ್ಷ ಕೆರೆಯ ಕೆಳಗಿನ ಕೆಲವರು ಹೊಸ ಬೀಜದ ಭತ್ತ ಬೆಳೆದಿದ್ದರು. ಕಣ್ಣಿಗೆ ಎಲ್ಲ ಅಕ್ಕಿಯೂ ಒಂದೇ ಥರ ಕಾಣುತ್ತಿತ್ತು. ನೆಂಟರ ಮದುವೆಗಳಿಗೆಲ್ಲ ಅನ್ನ ಮಾಡುತ್ತಿದ್ದವಳು ನೀನೇ; ಎಂದಿನಂತೆ ಕೈಮುಗಿದು ಹಂಡೆಗೆ ಹಾಕಿದೆ.

ಅಗುಳು ಹಿಸುಕಿ ನೋಡಿದಾಗ ನಿನ್ನ ಮುಖ... ಒಂದು ಅಗುಳು ಬೆರಳಲ್ಲೇ ಕರಗಿತು, ಇನ್ನೊಂದರ ಒಳಗೆ ಗಟ್ಟಿ ಹಾಗೇ ಇತ್ತು. ಬೆಂದಿಲ್ಲವೆಂದು ನೀರು ಹುಯ್ದೆ, ಸೌದೆ ಒಟ್ಟಿದೆ. ಗಟ್ಟಿಯದು ಬೇಯುವ ಹೊತ್ತಿಗೆ ಮೆತ್ತನೆಯದು ಗಂಜಿಯಾಗಿತ್ತು. ದಿನವೂ ಮುದ್ದೆ ಉಣ್ಣುವ ಜನ ಅಂದು ಅನ್ನಕ್ಕೆಂದೇ ಎಲೆ ಮುಂದೆ ಕೂತಿದ್ದರು.

"ಏನ್ ಅತ್ತಿಗೆ, ಅನ್ನ ಇಕ್ತೀಯೋ, ಅಂಬ್ಲಿ ಹುಯ್ತೀಯೋ? ಎಲೆ ತೆಗ್ದು ಚೊಂಬು ಕೊಡ್ಲಾ?" ಎಂದಳು ಅತ್ತೆ. ಪಂಕ್ತಿಯೆಲ್ಲ ನಕ್ಕಿತು. ನೀನೂ ನಕ್ಕೆ. ಮನೆಗೆ ಬಂದವಳೇ ಮರದ ದೊಡ್ಡ ಸೌಟನ್ನು ಅಟ್ಟಕ್ಕೆ ಎಸೆದು, "ನನ್ ಕೈ ಕೆಟ್ಟೋಯ್ತು ಕಣೇ ಲಕ್ಷ್ಮೀ" ಎಂದೆ. ಆಮೇಲೆ ಯಾರ ಮದುವೆಗೂ ನೀನು ಒಲೆ ಹಚ್ಚಲಿಲ್ಲ. ಕಡೆಯ ಕಾಯಿಲೆಯಲ್ಲೂ ಅದೇ ಮಾತು. ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಮಲಗಿರುತ್ತಿದ್ದೆಯಲ್ಲ...

ಈಗ ನಾನು ಭತ್ತದ ಪ್ರಯೋಗದ ಗದ್ದೆಗೆ ಕೂಲಿಗೆ ಹೋಗುತ್ತೇನೆ. ಅಲ್ಲಿಯ ಮೇಡಂ ಮೊನ್ನೆ ಗಾಜಿನ ತಟ್ಟೆಗಳಲ್ಲಿ ಕ್ಷಾರದ ನೀರು ಹುಯ್ದು ಅಕ್ಕಿ ಕಾಳು ನೆನೆಹಾಕಿದ್ದರು. ಮಾರನೆ ದಿನ ನೋಡಿದರೆ ಒಂದು ತಟ್ಟೆಯಲ್ಲಿ ಕಾಳು ಹತ್ತಿಯಂತೆ ಬಿರಿದು ಹರಡಿತ್ತು, ಪಕ್ಕದ್ದರಲ್ಲಿ ಇಟ್ಟ ಹಾಗೇ ಇತ್ತು. ಆ ಹಂಡೆ ನನ್ನ ಕಣ್ಣಿಗೆ ಬಂತು. ತಡೆಯಲಾಗದೆ ಕೇಳಿಯೇಬಿಟ್ಟೆ: "ಇವೆರಡೂ ಒಂದೇ ಹಂಡೇಲಿ ಬೆಂದ್ರೆ ಏನಾಯ್ತದೆ ಮೇಡಂ?"

"ಯಾರು ಬೇಯ್ಸಿದ್ರೂ ಕೆಡುತ್ತೆ ಕಣಮ್ಮ. ಕಾಳೊಳಗೆ ಗಂಜಿ ಆಗೋ ಅಂಶ ಇದ್ಯಲ್ಲ, ಪಿಷ್ಟ ಅಂತೀವಿ, ಅದೇ ಬೇರೆ ಬೇರೆ. ಒಂದು ಬೇಗ ಬೇಯುತ್ತೆ, ಒಂದು ತಡ. ಅದು ತಾಯಿ ತಂದೆಯಿಂದ ಬರೋ ಗುಣ."

ಯಾರು ಬೇಯಿಸಿದರೂ! ಕೇಳಿಸಿತಾ ಅಮ್ಮಾ?

ಇನ್ನೊಂದನ್ನೂ ಹೇಳಿದರು. ಕಾಳು ಕಟ್ಟುವಾಗ, ನಾವು ಉಣ್ಣುವ ಆ ಬಿಳಿಯ ಭಾಗಕ್ಕೆ ತಾಯಿಯ ಗುಣ ಎರಡು ಪಾಲು, ತಂದೆಯದು ಒಂದು ಪಾಲು ಬರುತ್ತದಂತೆ. ಮನುಷ್ಯರಲ್ಲೂ ಹಾಗೇನಾ ಎಂದೆ. "ಇಲ್ಲಮ್ಮ, ನಮ್ಮಲ್ಲಿ ಸಮಪಾಲು" ಎಂದು ನಕ್ಕರು. ಇರಬಹುದು. ಆದರೂ...

ಕಳೆದ ವಾರ ಅತ್ತೆಯ ಕಿರಿಮಗನ ಮದುವೆಯಾಯಿತು. ಅಕ್ಕಿಗೆಂದು ಚಾಪೆ ಹಾಸಿದಾಗ ನಾನು ಪಕ್ಕದಲ್ಲಿ ಇನ್ನೊಂದು ಹಾಸಿದೆ. "ಹೊಸ ಬೀಜದ್ದು ಈ ಕಡೆ ಸುರೀರಿ, ಹಳೇದು ಆ ಕಡೆ" ಎಂದೆ.

"ಇದ್ಯಾವ ಹೊಸ ಶಾಸ್ತ್ರನೇ ತಾಯಿ?" ಎಂದಳು ಅತ್ತೆ.

ಹೇಳಿದೆ. ಎಲ್ಲರೆದುರಿಗೆ ಹೇಳಿದೆ, ನಮ್ಮಮ್ಮನ ಕೈ ಕೆಟ್ಟಿರಲಿಲ್ಲ ಎಂದೂ ಹೇಳಿದೆ. ಎರಡು ಒಲೆ, ಎರಡು ಹಂಡೆ. ಬೆಂದ ಮೇಲೆ ಅತ್ತೆ ಎರಡರಿಂದಲೂ ಅಗುಳು ತೆಗೆದು ಹಿಸುಕಿ ನೋಡಿದಳು. "ಚೊಂಬು ಕೊಡ್ಲಾ ಅಂದಿದ್ನಲ್ಲೇ, ನಿಮ್ಮಮ್ಮನ್ನ..." ಎಂದವಳೇ ಹೋಗಿ ಪಂಕ್ತಿಯ ಮೊದಲಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿ, "ಇದು ಅತ್ತಿಗೆಗೆ" ಎಂದಳು.

ಆ ಎಲೆಗೆ ನಾನೇ ಬಡಿಸಿದೆ ಅಮ್ಮಾ, ಅಟ್ಟದಿಂದ ಇಳಿಸಿದ ನಿನ್ನ ಸೌಟಿನಲ್ಲಿ. ಅನ್ನ ಉದುರುದುರಾಗಿತ್ತು.

ನಿನ್ನ ಮಗಳು,
ಲಕ್ಷ್ಮಿ