ಹುವಾನಾಳ ರುಜು

ಇಂದಿರಾಪುರಂ
ಭಾನುವಾರ

ಸೊಸೆ ಚಿ. ಸೌ. ಸುಚೇತಾಳಿಗೆ ಆಶೀರ್ವಾದ.

ಫೋನಿನಲ್ಲಿ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗುವಿನ ಶೀತ ಕಡಿಮೆಯಾಯಿತೇ? ಪೀತಮ್‌ಪುರದಲ್ಲಿ ಹೊಗೆ ಹೆಚ್ಚಂತೆ, ಕಿಟಕಿ ತೆರೆಯಬೇಡ. ಕುಲಾವಿ ಇಲ್ಲೇ ಉಳಿದಿತ್ತು, ಮಗ ಪ್ರಮೋದನ ಕೈಲಿ ಕಳಿಸಿದ್ದೇನೆ.

ಅವತ್ತು ಭಜನಾ ಮಂಡಳಿಯವರು ಮಗು ನೋಡಲು ಬಂದು "ಯಾರ ಹೋಲಿಕೆ?" ಎಂದಾಗ, ನೀನು ಶಾಲೆಯಲ್ಲಿ ಪಾಠ ಮಾಡುವ ಸ್ಪೇನಿನ ರಾಜ ಎನ್ರಿಕೆಯ ಕಥೆ ಹೇಳಿದೆ. ಮಗಳು ಹುವಾನಾ ಅವನಿಗೆ ಹುಟ್ಟಿದವಳಲ್ಲವೆಂದು ಆಸ್ಥಾನದವರು ಆಡಿಕೊಂಡು, ಅವಳಿಗೆ ಸಿಂಹಾಸನವನ್ನೇ ತಪ್ಪಿಸಿದರಂತೆ. ನಾನು ತಮಾಷೆಗೆಂದು, "ನಮ್ಮನೇಲೂ ಅದೇ ಕಥೆ ಇರ್ಬೇಕು, ಈ ಮೂಗು ನಮ್ಮ ಕಡೇದಲ್ಲ" ಎಂದೆ. ಎಲ್ಲರೂ "ಅಚ್ಛಾ!" ಎಂದು ನಕ್ಕರು. ನೀನು ನಗಲಿಲ್ಲ. ಮಗುವನ್ನೆತ್ತಿಕೊಂಡು ತವರಿಗೆ ಹೊರಟೆ.

ಅದೇ ಹೆಂಗಸರನ್ನು ಶುಕ್ರವಾರ ಮತ್ತೆ ಕರೆದಿದ್ದೇನೆ. ಅವರೆದುರೇ ತಪ್ಪೊಪ್ಪಿಕೊಳ್ಳುತ್ತೇನೆ, ನೀನು ಬಾರದಿದ್ದರೂ.

ಪ್ರಮೋದ ಅಂದಿನಿಂದ ನನ್ನೊಡನೆ ಮಾತಾಡಿರಲಿಲ್ಲ. ನಿನ್ನೆ ನಿನ್ನ ಪುಸ್ತಕ ತಂದು ಒಂದೇ ಸಾಲು ಓದಿ ಹೇಳಿದ: ಹುವಾನಾ ಸಾಯುವವರೆಗೂ ಕಾಗದಗಳಿಗೆ "ರಾಣಿ" ಎಂದೇ ರುಜು ಹಾಕುತ್ತಿದ್ದಳಂತೆ.

ನನಗೆ ಇಲ್ಲಿ "ಅಜ್ಜಿ" ಎಂದು ಬರೆಯಲು ಕೈ ಬರುತ್ತಿಲ್ಲ.

ವನಮಾಲಾ