ಎರವಲು ಕೊಟ್ಟ ಹುಡುಗಿ

ಪ್ರೀತಿಯ ಅಪ್ಪಾ,

ನಾನು ಚೆನ್ನಾಗಿದ್ದೀನಿ ಅಂತ ಅಮ್ಮನಿಗೆ ಹೇಳು. ಉಳಿದದ್ದು ನಿನಗೆ ಮಾತ್ರ.

ನಮ್ಮೂರಿನ ಫುಟ್‌ಬಾಲ್ ಅಕಾಡೆಮಿಯವರು ನನ್ನನ್ನು ಈ ಕ್ಲಬ್ಬಿಗೆ ಒಂದು ವರ್ಷ ಲೋನ್ ಮೇಲೆ, ಎರವಲಾಗಿ, ಕಳಿಸಿದಾಗ, "ಪಕ್ಕದ ಮನೆಗೆ ಏಣಿ ಕೊಟ್ಟ ಹಾಗೆ ಕೊಟ್ಟುಬಿಟ್ಟರಲ್ಲೇ!" ಅಂತ ನೀನು ನಕ್ಕಿದ್ದೆ. ಇವರೂ ಇಷ್ಟು ದಿನ ನನ್ನನ್ನು ಆಡಿಸದೆ ಮೂಲೆಗೆ ಒರಗಿಸಿಯೇ ಇಟ್ಟಿದ್ದರು.

ಮೊನ್ನೆ ಆಟದ ಮಧ್ಯೆ ಮೊದಲ ಗೋಲ್‌ಕೀಪರ್‌ಗೆ ಕೈ ಉಳುಕಿತು, ಅವಳ ಬದಲು ನನ್ನನ್ನು ಇಳಿಸಿದರು. ಕೊನೆಗಳಿಗೆಯ ಪೆನಾಲ್ಟಿ ತಡೆದೆ ಅಪ್ಪಾ! ಎಲ್ಲರೂ ಮೈಮೇಲೆ ಬಿದ್ದು ತಬ್ಬಿಕೊಂಡರು. ಆಮೇಲೆ ಒಬ್ಬೊಬ್ಬರನ್ನೂ ಅವರವರ ಮನೆಯವರು ಕರಕೊಂಡು ಹೋದರು. ನಾನು ಗ್ಲೌಸ್ ಕೂಡ ಬಿಚ್ಚದೆ ಬಟ್ಟೆ ಬದಲಾಯಿಸುವ ಕೋಣೆಯಲ್ಲೇ ಕೂತಿದ್ದೆ. ಬೀಗ ಹಾಕೋಕೆ ಬಂದ ಕಾವಲಿನವರು, "ಯಾರಮ್ಮ ನೀನು, ಯಾರಿಗೆ ಕಾಯ್ತಿದ್ದೀಯ?" ಅಂದರು.

ಇನ್ನೊಂದು ವರ್ಷ ಇಲ್ಲೇ ಇರು ಅಂತ ಕೋಚ್ ಕೇಳಿದ್ದಾರೆ. ಅಕಾಡೆಮಿಗೆ ವಾಪಸ್ ಬಂದರೆ ಮತ್ತೆ ಬೆಂಚೇ ಗತಿ, ಇಲ್ಲಿದ್ದರೆ ಆಡಿಸ್ತಾರೆ. ಇರ್ತೀನಿ ಅಂದಿದ್ದೀನಿ.

ನನ್ನ ದಪ್ಪ ಹೊದಿಕೆ ಕಳಿಸಿಕೊಡು. ಭಾನುವಾರ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳು, ಬೇಕಾದಷ್ಟು ಬೈ. "ಬಂದುಬಿಡು ಮಗಳೇ" ಅಂತ ಮಾತ್ರ ಅನ್ನಬೇಡ. ನೀನು ಹಾಗಂದರೆ ನಾನು ಬಂದುಬಿಡ್ತೀನಿ.

ನಿನ್ನ
ಪುಟ್ಟಿ