ಪಕ್ಕದ ಮನೆ ಮಗ್ಗ ಕೇಳುವ ಕೈ

ಮೊಳಕಾಲ್ಮೂರು,
೧೨ ನವೆಂಬರ್ ೨೦೨೫

ಧರ್ಮವರಂ ಸೇರಿ ನಮ್ಮನ್ನು ಮರೆತೇಬಿಟ್ಟ ಪ್ರೀತಿಯ ಅಮ್ಮನಿಗೆ,

ಹೇಗಿದೀಯಾ? ಮಂಡಿ ನೋವು ಹೇಗೈತೆ? ದಿವ್ಯಕ್ಕ ಬಾಣಂತಿ ಖಾರ ತಿಂತಾಳೋ, ಮುಖ ತಿರುಗಿಸ್ತಾಳೋ? ಪಾಪು ನನ್ನ ಹಾಗೇ ಚೆಲುವೆಯಂತೆ, ಸಂತೋಷ. ಇಲ್ಲಿ ಎಲ್ಲರೂ ಕ್ಷೇಮ, ನನ್ನ ಅಡುಗೆ ಉಂಡೂ. ಫೋನ್ ಇರುವಾಗ ಕಾಗದ ಯಾಕೆ ಅಂತೀಯೇನೋ. ಫೋನ್ ಹಿಡಿದರೆ ನಾಯ್ನ, ಅಂದರೆ ನಿನ್ನ ಯಜಮಾನರಾದ ಶ್ರೀಮಾನ್ ಪೆದ್ದಣ್ಣನವರು, ಪಕ್ಕದಲ್ಲೇ ನಿಂತು ಕಿವಿ ಕೊಡ್ತಾರೆ. ಈ ವರದಿಯೋ ಅವರ ಮೇಲೆಯೇ.

ಲಾರಿ ಕಿತ್ತುಕೊಂಡ ಬಲಗೈಗೆ ಬದಲಾಗಿ ಚಳ್ಳಕೆರೆ ಕ್ಯಾಂಪಿನವರು ಕೊಟ್ಟ ಯಂತ್ರದ ಕೈ ಮನೆಗೆ ಬಂದಿದೆ. ಸದ್ಯಕ್ಕೆ ಪರೀಕ್ಷೆಗೆ ಮಾತ್ರ, ಸರಿಹೋದರೆ ನಮ್ಮದೇ. ಮೊಣಕೈ ಕೆಳಗೆ ಉಳಿದ ತೋಳಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಇಲ್ಲದ ಬೆರಳನ್ನು ಮಡಚಬೇಕು ಅಂತ ನಾಯ್ನ ಮನಸ್ಸು ಮಾಡಿದರೆ ತೋಳಿನ ಸ್ನಾಯು ಮಿಡುಕುತ್ತೆ, ಪಟ್ಟಿ ಅದನ್ನು ತಿಳಿದುಕೊಂಡು ಯಂತ್ರದ ಬೆರಳಿಗೆ ಹೇಳುತ್ತೆ. ತೋಳೇ ಆಗಬೇಕಾ, ಬೇರೆ ಸ್ನಾಯು ಆಗಲ್ವಾ ಅಂತ ನನಗೆ ಅನುಮಾನ ಬಂತು. ಆದ್ದರಿಂದ ವಿಜ್ಞಾನದ ಏಳಿಗೆಗಾಗಿ, ಹಲ್ಲುನೋವಿಗೆ ಒಳ್ಳೇದು ಅಂತ ನಂಬಿಸಿ, ಪಟ್ಟಿಯನ್ನು ಎರ್ರಮ್ಮಜ್ಜಿಯ ದವಡೆಗೆ ಕಟ್ಟಿದೆ. ಅಜ್ಜಿ ಎಲೆಅಡಿಕೆ ಜಗಿದ ಹಾಗೆಲ್ಲ ಮಂಚದ ಮೇಲಿದ್ದ ಕೈ ಮುಷ್ಟಿ ಹಿಡಿಯಿತು. “ದಯ್ಯಂ!” ಅಂತ ಕಿರುಚಲು ಬಾಯಿ ತೆರೆದರೆ ಅದೂ ಬೆರಳು ತೆರೆಯಿತು. ಅಜ್ಜಿ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ವಿಜ್ಞಾನಕ್ಕೆ ಇಂಥ ತ್ಯಾಗಗಳು ಅನಿವಾರ್ಯ.

ಆದರೆ ಅಮ್ಮಾ, ಚಳ್ಳಕೆರೆಯಲ್ಲಿ ಮೊಟ್ಟೆಯನ್ನು ಒಡೆಯದೆ ಎತ್ತಿದ ಕೈ ನಮ್ಮ ಮನೆಯಲ್ಲಿ ಕಾಫಿ ಲೋಟವನ್ನು ಬಾಯಿಯ ಹತ್ತಿರ ತಂದು ಕೈಬಿಡುತ್ತೆ. ಪಂಚೆಯೆಲ್ಲ ಕಾಫಿ. “ಪಿಲ್ಲಾ, ಏನು ಮಾಡಿದೆ ಇದಕ್ಕೆ?” ಅಂತ ಆರೋಪ ನೇರ ನನ್ನ ಮೇಲೆ. ಕ್ಯಾಂಪಿನ ಎಂಜಿನಿಯರ್ ಶೃತಿ ಮೇಡಂಗೆ ಫೋನ್ ಮಾಡಿದೆವು. ಹೀಗೆ ಬೀಳಿಸುವ ಕೈಯನ್ನು ಬಿಡೋ ಹಾಗಿಲ್ಲ, ಬಿಸಿ ನೀರೋ ಮಗುವೋ ಆದರೆ ಏನು ಗತಿ, ಬಂದು ನೋಡ್ತೀನಿ, ಸರಿಹೋಗದಿದ್ದರೆ ವಾಪಸ್ ಒಯ್ತೀನಿ ಅಂದರು. ನಾಯ್ನನ ಬದಲು ನೀನು ನೇಯಲು ಕೂತು ನಾನು ಪಕ್ಕದಿಂದ ಅಂಚಿನ ಲಾಳಿ ಕೊಡೋಕೆ ಶುರು ಮಾಡಿದಾಗಿನಿಂದ ಅವರು ಮಗ್ಗದ ಕೋಣೆಗೆ ಕಾಲಿಟ್ಟಿಲ್ಲವಲ್ಲ, ಈ ಕೈ ಬಂದ ಮೇಲೆ ಬಾಗಿಲ ತನಕ ಹೋಗಿ ನಿಲ್ಲೋಕೆ ಶುರುಮಾಡಿದ್ದರು. ಆವತ್ತು ಅದನ್ನೂ ಬಿಟ್ಟರು.

ನಿನ್ನೆ ಮೇಡಂ ಬಂದರು. ಲ್ಯಾಪ್‌ಟಾಪ್ ತೆರೆದು, “ಪೆದ್ದಣ್ಣಾರೇ, ಏನೂ ಮಾಡಬೇಡಿ, ಸುಮ್ನೆ ಕೂತ್ಕೊಳ್ಳಿ” ಅಂದರು. “ಸುಮ್ನೇ ಕೂತಿದೀನಲ್ಲಮ್ಮಾ!” ಆದರೆ ತೊಡೆಯ ಮೇಲಿನ ಕೈ ಮುಚ್ಚುತ್ತೆ, ತೆರೆಯುತ್ತೆ, ಲ್ಯಾಪ್‌ಟಾಪ್ ಪರದೆ ಮೇಲೆ ಸ್ನಾಯುವಿನ ಅಲೆ ಏಳುತ್ತೆ, ಬೀಳುತ್ತೆ. ಮೇಡಂ ವೈರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಜೀವಮಾನದಲ್ಲಿ ಒಮ್ಮೆ ನಿರಪರಾಧಿಯಾಗಿದ್ದ ನಾನು ಆಗ ಗಮನಿಸಿದೆ, ಗೋಡೆಯಾಚೆ ಪಾಲಾಕ್ಷಣ್ಣನ ಮಗ್ಗ ಟಕ್ ಅಂದಾಗಲೆಲ್ಲ ಬೆರಳು ಬಿಚ್ಚಿಕೊಳ್ತಿತ್ತು! ಗೋಡೆ ಹತ್ತಿ ಕೂಗಿದೆ, “ಅಣ್ಣಾ, ಮಗ್ಗ ನಿಲ್ಸು!” ಕೈ ನಿಂತಿತು. “ಈಗ ನಿಧಾನಕ್ಕೆ ನೇಯಿ!” “ಏನೇ ಇದು, ನನ್ನ ಮಗ್ಗಕ್ಕೂ ನೀನೇ ಮೇಸ್ತ್ರಿ ಆದ್ಯಾ?” ಅಂತ ಬೈದುಕೊಂಡೇ ನಿಧಾನ ಮಾಡಿದ. ಬೆರಳೂ ನಿಧಾನವಾದವು. ಲಾಳಿ ಹಿಡಿ, ಬಿಡು. ಹಿಡಿ, ಬಿಡು. ನಾಯ್ನನಿಗೇ ಗೊತ್ತಿಲ್ಲದ ಹಾಗೆ ಇಲ್ಲದ ಕೈ ಅಂಚು ನೇಯ್ತಿತ್ತು. ಮೊದಲು ಮಾತಾಡಿದ್ದು ಅಜ್ಜಿ: “ಇನ್ನೂ ನೇಯ್ತಾನೆ ಐತಲ್ಲೋ ಪೆದ್ದಾ!”

ಮೇಡಂ ಹಿಗ್ಗಿದರು. ಮಗ್ಗದ ಸದ್ದಿನಲ್ಲೇ ಇನ್ನೊಮ್ಮೆ ಕಲಿಸಿ, ಈ ಅಲೆಯನ್ನು ಲೆಕ್ಕಕ್ಕೆ ತಗೋಬೇಡ ಅಂತ ಯಂತ್ರಕ್ಕೆ ಹೇಳಿದರಾಯ್ತಂತೆ, ಲೋಟ ಬೀಳಲ್ಲವಂತೆ. ನಾಯ್ನ ಕೈಯನ್ನೇ ನೋಡ್ತಾ, “ವದ್ದಮ್ಮಾ, ಅದನ್ನ ಅಳಿಸಬೇಡ” ಅಂದುಬಿಟ್ಟರು. ಹಾಗಾದರೆ ಕೈಯನ್ನ ನಿಮ್ಮ ಹತ್ತಿರ ಬಿಡೋಕೆ ಆಗಲ್ಲ, ಇವತ್ತೊಂದು ರಾತ್ರಿ ಇರಲಿ, ನಾಳೆ ಬೆಳಿಗ್ಗೆ ಬರ್ತೀನಿ, ಯೋಚನೆ ಮಾಡಿ ಹೇಳಿ ಅಂತ ಮೇಡಂ ಹೋದರು. ಬೆಳಗಾಗಿದೆ, ಇವರು ಇನ್ನೂ ಗೋಡೆ ಕಡೆ ಕಿವಿ ಕೊಟ್ಟು ಕೂತಿದ್ದಾರೆ. ನೀನಿದ್ದಿದ್ದರೆ ಏನು ಹೇಳ್ತಿದ್ದೆಯೋ.

ದಿವ್ಯಕ್ಕನಿಗೆ ನನ್ನ ನೆನಪು ಹೇಳು, ಪಾಪುವಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು, ನಿನ್ನ ಮಂಡಿಗೆ ಎಳ್ಳೆಣ್ಣೆ.

ಸರಕಾರ ಕೊಡುವ ಮೊದಲೇ ನೀನು ಕೊಟ್ಟ,
ಪದ್ಮಶ್ರೀ

ತಾ.ಕ.: ಅಂಟಿಸಿದ ಲಕೋಟೆ ಹರಿದು ಬರೀತಿದೀನಿ, ತಪ್ಪಿದ್ದರೆ ಕ್ಷಮಿಸು. ಮೇಡಂ ಬಂದಾಗ ನಾಯ್ನ ಮಗ್ಗದ ಕೋಣೆಯಲ್ಲಿದ್ದರು! ನಾನು ಕೂರುವ ಪಕ್ಕದ ಮಣೆ ಮೇಲೆ, ಯಂತ್ರದ ಕೈಯಲ್ಲಿ ಅಂಚಿನ ಲಾಳಿ ಹಿಡಿದು. “ಪದ್ಮಾ, ನಿಮ್ಮಮ್ಮನ ಜಾಗದಲ್ಲಿ ಕೂರು, ನಡುಲಾಳಿ ಓಡಿಸು” ಅಂದರು. ಓಡಿಸಿದೆ. ಹಿಡೀತು, ಬಿಡ್ತು, ಹಿಡೀತು. ನನ್ನ ಅವಸರಕ್ಕೆ ಮೂರ್ನಾಲ್ಕು ಎಳೆ ಹರಿದವು, ಅವರ ಕೈಯಿಂದಲ್ಲ. ಮೇಡಂ ನೋಡಿ, ಕೈಗೆ ಒಂದು ಗುಂಡಿ ಇಡ್ತೀನಿ, ಒತ್ತಿದರೆ ಮಗ್ಗ, ಇಲ್ಲದಿದ್ದರೆ ಲೋಟ, ಕೈ ಇಲ್ಲೇ ಇರಲಿ ಅಂದರು. ಆದರೆ ಇದೆಲ್ಲ ಆಗಿದ್ದು ಪಾಪುವಿನ ತೊಟ್ಟಿಲ ಶಾಸ್ತ್ರಕ್ಕೆ ಅಂತ ನೀನು ಮಗ್ಗಕ್ಕೆ ಹೂಡಿಟ್ಟು ಹೋದ ಸೀರೆಯ ಮೇಲೆ. ಹೆಬ್ಬೆರಳಗಲ ಅಂಚು ವಂಕರಟಿಂಕರ, ಹಾವು ಹರಿದ ಹಾಗೆ. ಬಿಚ್ಚಿ ಸರಿಮಾಡ್ತೀನಿ ಅಂತ ಅವರು ಮನೆಯೆಲ್ಲ ಕತ್ತರಿ ಹುಡುಕ್ತಿದ್ದಾರೆ. ನೀನು ಬಂದು ಆ ಅಂಚು ನೋಡುವ ತನಕ ಕತ್ತರಿ ಸಿಗಲ್ಲ, ಅದು ನನ್ನ ಹತ್ತಿರ ಐತೆ. ಬೇಗ ಬಾ.